ಪ್ರಸಂಗಪೀಠದಲ್ಲಿ ನಿಂತವರ ಎರಡು ಕೈ

ಸ್ನೇಹಿತರೇ, ಈ ಸಭೆಯಲ್ಲಿ ಚರ್ಚಿನಲ್ಲಿ ಪ್ರಸಂಗ ಮಾಡುವವರಿದ್ದೀರಿ, ಹರಿಕಥೆ ದಾಸರಿದ್ದೀರಿ, ಮಠದ ಪ್ರವಚನ ಕೇಳುತ್ತ ಬೆಳೆದವರಂತೂ ಬಹಳ ಮಂದಿ ಇದ್ದೀರಿ. ಇವತ್ತು ನಾನು ಮುಖ್ಯವಾಗಿ ಚರ್ಚಿನ ಪ್ರಸಂಗದ ಹಾವಭಾವವನ್ನೇ ಎತ್ತಿಕೊಳ್ಳುತ್ತೇನೆ. ಕೈ ಎಲ್ಲಿಡಬೇಕು ಎಂಬ ಸಂಕಟ ಜಾಸ್ತಿ ಇರುವುದು ಅಲ್ಲೇ. ದಾಸರ ಕೈಯಲ್ಲಿ ಚಿಟಿಕೆ ಇರುತ್ತದೆ, ಕಾಲಲ್ಲಿ ಗೆಜ್ಜೆ ಇರುತ್ತದೆ. ಸ್ವಾಮಿಗಳು ಕೂತು ಮಾತಾಡುತ್ತಾರೆ. ಪಾದ್ರಿಗಳಿಗೆ ಇರುವುದು ಎದೆಮಟ್ಟದ ಒಂದು ಮರದ ಪೀಠ, ಅದರ ಮೇಲೆ ಬರೆದುಕೊಂಡು ಬಂದ ಹಾಳೆ. ಕೈ ಎರಡೂ ಪೀಠದ ಅಂಚು ಹಿಡಿದುಬಿಡುತ್ತವೆ, ಕೊನೆಯ ಪ್ರಾರ್ಥನೆವರೆಗೂ ಬಿಡುವುದಿಲ್ಲ.

ಈ ಪೀಠದ ಮೇಲೆ ದೂರು ಹೊಸದಲ್ಲ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪರ್ಜನ್ ಎಂಬ ಬ್ಯಾಪ್ಟಿಸ್ಟ್ ಬೋಧಕರಿದ್ದರು. ಬೋಧಕರು ಹೀಗೆ ಸೊಟ್ಟಗೆ ನಿಲ್ಲುವುದಕ್ಕೆ ಪೀಠಗಳೂ ಕಾರಣ ಅನ್ನುತ್ತಿದ್ದರು. 1861ರಲ್ಲಿ ಅವರ ಮೆಟ್ರೊಪಾಲಿಟನ್ ಟ್ಯಾಬರ್ನೇಕಲ್ ತೆರೆದಾಗ ಅಲ್ಲಿ ಪೆಟ್ಟಿಗೆಯಂಥ ಪೀಠ ಇರಲಿಲ್ಲ. ಕಟಕಟೆ ಹಾಕಿದ ತೆರೆದ ಜಗಲಿ ಇತ್ತು. ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸಗಳಲ್ಲಿ ಎರಡನ್ನು ಅವರು ನಿಲುವು ಮತ್ತು ಕೈಸನ್ನೆಗೇ ಮೀಸಲಿಟ್ಟರು. ಅಚ್ಚಾದಾಗ ಅವುಗಳ ಜೊತೆ ಹೇಗೆಲ್ಲ ನಿಲ್ಲಬಾರದು ಎಂದು ತೋರಿಸುವ ತಮಾಷೆಯ ಚಿತ್ರಗಳೂ ಬಂದವು. ನೋಡಿದರೆ ನಮ್ಮ ಊರಿನ ಯಾರ್‍ಯಾರೋ ನೆನಪಾಗುತ್ತಾರೆ, ಹೆಸರು ಬೇಡ.

ಇನ್ನೂ ಹಿಂದೆ ಹೋದರೆ ರೋಮ್‌ನ ಕ್ವಿಂಟಿಲಿಯನ್. ಒಂದನೇ ಶತಮಾನದವರು, ವಾಗ್ಮಿಗಳಿಗೆ ಪಾಠ ಹೇಳಿದವರು. ಅವರ ಹನ್ನೆರಡು ಪುಸ್ತಕಗಳ ಗ್ರಂಥದಲ್ಲಿ ಹನ್ನೊಂದನೆಯದರ ಒಂದು ದೊಡ್ಡ ಭಾಗ ಸ್ವರ, ಮುಖ, ಕೈ, ಕೊನೆಗೆ ಮೇಲುಹೊದಿಕೆಯ ನೆರಿಗೆಯವರೆಗೂ ಹೋಗುತ್ತದೆ. ಕ್ಯೂರಿಯೊ ಎಂಬೊಬ್ಬ ಭಾಷಣಕಾರ ಮಾತಾಡುವಾಗ ಅತ್ತಿತ್ತ ತೂಗಾಡುತ್ತಿದ್ದನಂತೆ. ನೋಡುತ್ತಿದ್ದ ಒಬ್ಬರು, ದೋಣಿಯಲ್ಲಿ ನಿಂತು ಮಾತಾಡುತ್ತಿರುವವರು ಯಾರಪ್ಪಾ ಎಂದು ಕೇಳಿದರಂತೆ. ಎಡಗೈ ಒಂದೇ ಸನ್ನೆ ಮಾಡಬಾರದು ಎಂಬ ನಿಯಮವೂ ಅಲ್ಲಿದೆ. ನಮ್ಮ ಅಜ್ಜಿಯರು ಒಪ್ಪುತ್ತಿದ್ದರು. ಕ್ವಿಂಟಿಲಿಯನ್ ಹೇಳಿದ್ದರಲ್ಲಿ ನಾನು ಬಿಡದೆ ಇಟ್ಟುಕೊಂಡಿರುವುದು ಒಂದು: ಆಲೋಚನೆ ಶುರುವಾದಾಗ ಕೈ ಶುರುವಾಗಬೇಕು, ಅದು ಮುಗಿದಾಗ ಕೈ ಇಳಿಯಬೇಕು. ಮಾತು ಮುಗಿದ ಮೇಲೆ ಏಳುವ ಕೈ ಜನರಿಗೆ ನಗು ತರಿಸುತ್ತದೆ.

ಹಾಗಾದರೆ ಸನ್ನೆಗಳನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಬೇಕೇ? ಇಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದು ಉಪಯೋಗಕ್ಕೆ ಬರುತ್ತದೆ. 1739ರಲ್ಲಿ ಜಾರ್ಜ್ ವಿಟ್‌ಫೀಲ್ಡ್ ಎಂಬ ಸಂಚಾರಿ ಬೋಧಕರು ಫಿಲಡೆಲ್ಫಿಯಾಕ್ಕೆ ಬಂದರು, ಬಯಲಿನಲ್ಲಿ ಸಾವಿರಾರು ಜನರಿಗೆ ಪ್ರಸಂಗ ಮಾಡಿದರು. ಯಾವುದು ಹೊಸದಾಗಿ ಕಟ್ಟಿದ ಪ್ರಸಂಗ, ಯಾವುದು ಊರೂರಲ್ಲಿ ಮಾಡಿ ಪಳಗಿದ್ದು ಎಂದು ಫ್ರಾಂಕ್ಲಿನ್ ಕೇಳಿಯೇ ಹೇಳಬಲ್ಲವರಾಗಿದ್ದರು. ಪಳಗಿದ್ದರಲ್ಲಿ ಪ್ರತಿ ಏರಿಳಿತವೂ ತನ್ನ ಜಾಗದಲ್ಲಿ ಕೂತಿರುತ್ತಿತ್ತು. ನೆಲೆನಿಂತ ಪಾದ್ರಿಗಳಿಗೆ ಆ ಸೌಲಭ್ಯ ಇಲ್ಲ ಎಂದೂ ಅವರು ಬರೆದರು. ಇದು ನಿಜ. ನಮ್ಮ ದಾಸರು ಅದೇ ಕಥೆಯನ್ನು ಈ ಜಾತ್ರೆಯಲ್ಲಿ, ಆ ರಾಮೋತ್ಸವದಲ್ಲಿ, ಇನ್ನೊಂದು ಗಣೇಶನ ಪೆಂಡಾಲಿನಲ್ಲಿ ಹೇಳುತ್ತಾರೆ. ಅವರ ಕೈಕರಣ ತಾನಾಗಿ ಹದಕ್ಕೆ ಬರುತ್ತದೆ. ಸಭಾಪಾಲಕರಿಗೋ ಭಾನುವಾರಕ್ಕೊಂದು ಹೊಸ ಪ್ರಸಂಗ. ನಡುವೆ ಮದುವೆ, ಮಣ್ಣು, ಆಸ್ಪತ್ರೆ, ಕಮಿಟಿ ಜಗಳ. ಅವರು ಕಂಠಪಾಠ ಮಾಡಿದ ಸನ್ನೆ ಕಂಠಪಾಠದ ಹಾಗೆಯೇ ಕಾಣುತ್ತದೆ.

ಆದ್ದರಿಂದ ಶನಿವಾರ ರಾತ್ರಿ ಸನ್ನೆಯನ್ನು ತಯಾರು ಮಾಡಬೇಡಿ, ಜಾಗವನ್ನು ತಯಾರು ಮಾಡಿ ಎನ್ನುತ್ತೇನೆ.

ಹೇಗೆ ಅಂದರೆ, ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯ ತೆಗೆದುಕೊಳ್ಳಿ. ಪಾಲು ತಗೊಂಡು ದೂರದೇಶಕ್ಕೆ ಹೋದ ಮಗ. ಇಲ್ಲಿ ಎಳೆಯ ಬೋಧಕರಿಗೆಲ್ಲ ಹಂದಿ ಕಾಯುವ ಭಾಗವನ್ನು ಅಭಿನಯಿಸುವ ಆಸೆ. ಅದನ್ನು ಬಿಡಿ. ನೀವು ನಿಂತಿರುವ ಕಡೆ ಮನೆ ಎಂದುಕೊಳ್ಳಿ. ಬೆಂಚುಗಳ ನಡುವಿನ ಹಾದಿಯೇ ದಾರಿ, ಹಿಂದಿನ ಬಾಗಿಲಾಚೆ ದೂರದೇಶ. ಮಗ ಹೋದ ಎನ್ನುವಾಗ ನಿಮ್ಮ ಕಣ್ಣು ಆ ಹಾದಿಯಲ್ಲಿ ಹೋಗಿ ಬಾಗಿಲಲ್ಲಿ ನಿಲ್ಲಲಿ. ಮುಂದೆ, ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡ ಎಂಬಲ್ಲಿಗೆ ಬಂದಾಗ ಬಾಯಿಗೆ ಮೊದಲು ಕಣ್ಣು ಬಾಗಿಲಿಗೆ ಹೋಗಲಿ. ಒಂದು ಉಸಿರು ಸುಮ್ಮನಿರಿ. ಕೇಳುವವರಲ್ಲಿ ನಾಲ್ಕು ಜನ ತಿರುಗಿ ನೋಡಿಯೇ ನೋಡುತ್ತಾರೆ. ಓಡಿದ ಎನ್ನುವಾಗ ನೀವು ಓಡಬೇಕಾಗಿಲ್ಲ. ಪೀಠದ ಹಿಂದಿನಿಂದ ಅರ್ಧ ಹೆಜ್ಜೆ ಈಚೆ ಬಂದರೆ ಕೈ ತಾನೇ ತೆರೆಯುತ್ತದೆ.

ಇನ್ನು ಹಿರಿಯ ಮಗ. ಅವನು ಹೊಲದಲ್ಲಿದ್ದಾನೆ, ಅಂದರೆ ಪಕ್ಕದ ಕಿಟಕಿಯ ಕಡೆ. ಹಾಡು ಕುಣಿತ ಕೇಳಿ ಒಳಗೆ ಬರಲೊಲ್ಲ. ತಂದೆ ಅವನಿಗಾಗಿಯೂ ಹೊರಗೆ ಹೋಗುತ್ತಾನೆ. ನೀವು ಕಿಟಕಿಯ ಕಡೆ ಮತ್ತದೇ ಅರ್ಧ ಹೆಜ್ಜೆ ಇಟ್ಟರೆ, ಈ ಅಪ್ಪ ಒಂದೇ ದಿನ ಎರಡು ಸಲ ಮನೆಯಿಂದ ಹೊರಬಿದ್ದ ಎಂಬುದು ವ್ಯಾಖ್ಯಾನವಿಲ್ಲದೆ ಜನರಿಗೆ ಹೊಳೆಯುತ್ತದೆ. ಜಾಗ ಮಾತ್ರ ಅದಲುಬದಲಾಗಬಾರದು. ದಾಸರನ್ನು ಗಮನಿಸಿ: ರಾಮನ ಮಾತಿಗೆ ಭುಜ ಒಂದು ಕಡೆ, ಭರತನ ಮಾತಿಗೆ ಇನ್ನೊಂದು ಕಡೆ, ಕಥೆ ಮುಗಿಯುವವರೆಗೂ ತಪ್ಪುವುದಿಲ್ಲ. ತಾಳಮದ್ದಳೆಯ ಅರ್ಥಧಾರಿಗಳಿಗೆ ವೇಷ ಇಲ್ಲ, ಕುಣಿತ ಇಲ್ಲ, ಆದರೆ ಎದುರಾಳಿ ಕಣ್ಣೆದುರೇ ಕೂತಿರುತ್ತಾರೆ. ಅವರಿಗೆ ಜಾಗ ಮೊದಲೇ ಗೊತ್ತಾಗಿದೆ, ಅದಕ್ಕೇ ಕೂತಲ್ಲೇ ಅವರ ಕೈ ಅಷ್ಟು ಚೆನ್ನಾಗಿ ಮಾತಾಡುತ್ತದೆ.

ಕೈ ಎತ್ತದೆಯೇ ಗೆದ್ದವರಿಲ್ಲವೇ ಎಂದು ಕೇಳುತ್ತೀರಿ. ಇದ್ದಾರೆ. 1741ರ ಜುಲೈ 8ರಂದು ಅಮೆರಿಕದ ಎನ್‌ಫೀಲ್ಡ್ ಊರಿನಲ್ಲಿ ಜೊನಾಥನ್ ಎಡ್ವರ್ಡ್ಸ್ ಮಾಡಿದ ಪ್ರಸಂಗಕ್ಕೆ ಜನ ಚೀರಿ ಅತ್ತರು. ಎಡ್ವರ್ಡ್ಸ್ ಆರ್ಭಟಿಸುವವರಲ್ಲ, ಕೈ ಬೀಸುವವರೂ ಅಲ್ಲ. ಬೆಂಕಿಯ ಮೇಲೆ ಎಳೆಯೊಂದರಲ್ಲಿ ತೂಗುವ ಜೇಡನನ್ನು ಅವರ ಮಾತೇ ಕಣ್ಣಿಗೆ ಕಟ್ಟುತ್ತಿತ್ತು. ನಮ್ಮಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ, 2023ರ ಜನವರಿಯಲ್ಲಿ ನಮ್ಮನ್ನಗಲಿದವರು, ಜೇಬಿಲ್ಲದ ಬಿಳಿ ಅಂಗಿಯಲ್ಲಿ ಕೂತು ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಎದುರಿಗೆ ಸಾವಿರಾರು ಜನ, ಒಂದು ಕೆಮ್ಮು ಕೂಡ ದೊಡ್ಡದಾಗಿ ಕೇಳುತ್ತಿತ್ತು. ಒಳಗೆ ಅಷ್ಟು ಇಲ್ಲದವರು ಸುಮ್ಮನೆ ಕೂತರೆ ಅದು ಬರೀ ಸಪ್ಪೆ, ಅಷ್ಟೇ.

ನಮ್ಮಂಥವರಿಗೆ ಪಾಠ ಮಾರ್ಟಿನ್ ಲೂಥರ್ ಕಿಂಗ್ ಅವರದು. 1963ರ ಆಗಸ್ಟ್ 28ರ ವಾಷಿಂಗ್ಟನ್ ಭಾಷಣದ ಚಿತ್ರೀಕರಣವನ್ನು ಒಮ್ಮೆ ದನಿ ನಿಲ್ಲಿಸಿ ನೋಡಿ. ಬಹಳ ಹೊತ್ತು ಕಣ್ಣು ಮತ್ತೆಮತ್ತೆ ಹಾಳೆಗೆ ಇಳಿಯುತ್ತದೆ. ಕೊನೆಯ ಭಾಗದಲ್ಲಿ, ಕನಸಿನ ಮಾತು ಬರುವಲ್ಲಿ, ಬರೆದದ್ದು ಪಕ್ಕಕ್ಕೆ ಸರಿಯುತ್ತದೆ; ಪಾದ್ರಿಯ ಮಗ, ಸ್ವತಃ ಪಾದ್ರಿ, ಪೀಠಕ್ಕೆ ಮರಳುತ್ತಾರೆ. ತಲೆ ಏಳುತ್ತದೆ, ಮುಗಿಸುವಾಗ ಬಲಗೈ ಮೇಲಕ್ಕೆ ಹೋಗುತ್ತದೆ. ದನಿಯಿಲ್ಲದೆಯೂ ಆ ತಿರುವು ಎಲ್ಲಿ ಎಂದು ಗೊತ್ತಾಗುತ್ತದೆ.

ಕೊನೆಗೆ ಮೈಕಿನ ಮಾತು. ಕೈಯಲ್ಲಿ ಮೈಕ್ ಹಿಡಿದ ಕೂಡಲೇ ಬಲಗೈ ಹೋಯಿತು, ಆಶೀರ್ವಾದಕ್ಕೆ ಉಳಿಯುವುದು ಎಡಗೈ. ಸ್ಟ್ಯಾಂಡ್ ಇಡಿಸಿಕೊಳ್ಳಿ, ಇಲ್ಲವೇ ಕಾಲರ್ ಮೈಕ್ ಕೇಳಿ. ಈಗ ಆರಾಧನೆ ಲೈವ್ ಹೋಗುತ್ತದೆ, ದುಬೈಯಲ್ಲಿ ಕೂತ ಮಗಳೂ ನೋಡುತ್ತಾಳೆ. ಅವಳ ಫೋನಿನ ಪರದೆಯಲ್ಲಿ ನೀವು ಎದೆಗೆ ಕತ್ತರಿಸಿ ಕಾಣುತ್ತೀರಿ, ಕೈ ಆಗಾಗ ಕೆಳಗಿನಿಂದ ಹಾರಿಬಂದು ಮಾಯವಾಗುತ್ತದೆ. ಪ್ರಸಂಗಕ್ಕೆ ಮೊದಲು ಕ್ಯಾಮೆರಾ ಹುಡುಗನನ್ನು ಕರೆದು, ಸೊಂಟದವರೆಗೆ ಬರೋ ಹಾಗೆ ಇಡಪ್ಪ, ಹತ್ತಿರ ಎಳೀಬೇಡ, ಎಂದು ಹೇಳಿಬಿಡಿ. ಪ್ರಶ್ನೆಗಳಿದ್ದರೆ ಕೇಳಿ.