ಜಲಶುದ್ಧಿ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಇಷ್ಟಲಿಂಗದ ಮಜ್ಜನಕ್ಕೆ ನಾವು ಶುದ್ಧೋದಕವನ್ನೇ ಅರಸುವೆವು. ಪಾದೋದಕವನ್ನು ಒಂದು ಹನಿಯೂ ನೆಲಕ್ಕೆ ಬೀಳದಂತೆ ಸೇವಿಸುವೆವು. ಆದರೆ ನಮ್ಮ ಬಚ್ಚಲಿನಿಂದ ಹೊರಬಿದ್ದ ನೀರು ಎಲ್ಲಿಗೆ ಹೋಗುವುದೆಂದು ವಿಚಾರಿಸುವವರು ವಿರಳ.

ಮಾಮೂಲ್‌ಪೇಟೆಯೇ ಮೊದಲಾದ ಹಳೆಯ ಪೇಟೆಗಳ ಜನರು ಪೂರ್ವದಲ್ಲಿ ಧರ್ಮಾಂಬುಧಿ ಮುಂತಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿ ಬಾಳಿದರು. ಕೆರೆ ಕೆಟ್ಟರೆ ತನ್ನ ಕೊಡವೇ ಕೆಡುವುದೆಂಬ ಭಯವು ಪ್ರತಿಯೊಬ್ಬನಿಗೂ ಇದ್ದಿತು. 1894ರಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, 1974ರಲ್ಲಿ ಕಾವೇರಿಯಿಂದಲೂ ನಲ್ಲಿಯ ನೀರು ಬಂದಿತು. ಇದು ಮಹೋಪಕಾರವೇ ಸರಿ. ಆದರೆ ದೂರದ ನೀರು ಮನೆಗೆ ಬಂದಂತೆಲ್ಲ ಹತ್ತಿರದ ನೀರಿನ ಮೇಲಣ ಮಮತೆಯು ಸಡಿಲವಾಯಿತು. ಧರ್ಮಾಂಬುಧಿಯ ಅಂಗಳವು ಬಸ್ಸುಗಳ ನಿಲ್ದಾಣವಾಯಿತು.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿಯಲ್ಲಿ ವೃಷಭಾವತಿಯು ಹುಟ್ಟುವುದೆಂದು ಪ್ರತೀತಿಯುಂಟು. ಬಸವನ ಪಾದೋದಕವೆನಿಸಬೇಕಾದ ಆ ಹೊಳೆಯು ನಗರದ ಕೊಳಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು, ಬೈರಮಂಗಲದ ಕೆರೆಯನ್ನು ಹಾದು, ಅರ್ಕಾವತಿಯನ್ನು ಕೂಡಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಸುಮಾರು 100 ಕಿಲೋಮೀಟರು ದೂರದಿಂದ ಎತ್ತಿ ತಂದ ಕಾವೇರಿಯನ್ನು ನಾವು ಆಕೆಗೆ ಹಿಂದಿರುಗಿಸುವ ಬಗೆಯಿದು!

ಇದರ ಪರಿಣಾಮವನ್ನು ಆಲೋಚಿಸಿರಿ. ಕೊಳಚೆಯು ಕೊಳೆಯುವಾಗ ನೀರಿನಲ್ಲಿ ಕರಗಿರುವ ಪ್ರಾಣವಾಯುವು ವೆಚ್ಚವಾಗಿ ಮೀನುಗಳು ಉಸಿರುಗಟ್ಟಿ ಸಾಯುವುವು. ಮಲದೊಡನೆ ಬಂದ ಕ್ರಿಮಿಗಳಿಂದ ವಾಂತಿಭೇದಿಯೂ ವಿಷಮಶೀತಜ್ವರವೂ ಹರಡುವುವು. ಕಾರ್ಖಾನೆಗಳಿಂದ ಬರುವ ಕ್ರೋಮಿಯಂ, ಸೀಸ ಮುಂತಾದ ಲೋಹಗಳಾದರೋ ಕೊಳೆತು ಹೋಗತಕ್ಕವಲ್ಲ. ಅವು ಕೆಸರಿನಲ್ಲಿ ನಿಂತು, ಆ ನೀರುಂಡ ಸೊಪ್ಪುತರಕಾರಿಗಳ ಮೂಲಕ ನಮ್ಮ ತಟ್ಟೆಗೇ ಮರಳಬಲ್ಲವು. ನಗರದ ಮತ್ತೊಂದು ದಿಕ್ಕಿನಲ್ಲಿರುವ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿಯೇ ಹತ್ತಿತು. ಬೆಂಕಿಯನ್ನು ಆರಿಸಬೇಕಾದ ನೀರೇ ಉರಿದರೆ ಯಾರನ್ನು ಕರೆಯೋಣ?

ಜಲಮಾಲಿನ್ಯವನ್ನು ತಡೆಯುವ ಶಾಸನವು 1974ರಲ್ಲಿಯೇ ಆಗಿದೆ. ಶುದ್ಧೀಕರಣದ ಸ್ಥಾವರಗಳೂ ಇವೆ. ಆದರೆ ಒಳಚರಂಡಿಯನ್ನು ಸೇರದೆ ಮಳೆನೀರಿನ ರಾಜಕಾಲುವೆಗೆ ನುಗ್ಗಿದ ಕೊಳಚೆಯು ಆ ಸ್ಥಾವರಗಳನ್ನು ಮುಟ್ಟುವುದೆಂತು? ಆದುದರಿಂದ ಸರ್ಕಾರವನ್ನು ಮಾತ್ರ ದೂರಿ ಸುಮ್ಮನಾಗುವುದು ನಮಗೆ ತಕ್ಕುದಲ್ಲ. ನಮ್ಮ ಮನೆಯ, ಅಂಗಡಿಯ ಕೊಳವೆಯು ಯಾವ ಕಾಲುವೆಗೆ ಬೀಳುವುದೆಂದು ಪ್ರತಿಯೊಬ್ಬರೂ ನಾಳೆಯೇ ಪರೀಕ್ಷಿಸಿ ನೋಡತಕ್ಕದ್ದು. ಎಣ್ಣೆ, ಬಣ್ಣ, ಔಷಧಗಳನ್ನು ಬಚ್ಚಲಿಗೆ ಸುರಿಯಬಾರದು. ಸಾಬೂನಿನ ಪುಡಿಯನ್ನು ಮಿತವಾಗಿ ಬಳಸಬೇಕು. ಈ ಉತ್ಸವದ ದಾಸೋಹದ ಎಂಜಲೂ ಪೂಜೆಯ ಹೂಪತ್ರೆಗಳೂ ಗೊಬ್ಬರದ ಗುಂಡಿಯನ್ನು ಸೇರಲಿ, ಕೆರೆಕಾಲುವೆಗಳನ್ನು ಸೇರದಿರಲಿ.

ಕಾಯಕದಿಂದ ಬಂದುದನ್ನು ಪರರೊಡನೆ ಹಂಚಿಕೊಳ್ಳುವುದು ದಾಸೋಹ. ನಾವು ಕೆಡಿಸಿದುದನ್ನು ಪರರ ಪಾಲಿಗೆ ಹರಿಯಬಿಡುವುದಕ್ಕೆ ಏನೆಂದು ಹೆಸರಿಡೋಣ? ಹೊಳೆಯ ಕೆಳಗಣ ಊರಿನವರೂ ಲಿಂಗಕ್ಕೆ ಮಜ್ಜನ ಮಾಡಿಸಬೇಕು. ಅವರ ಮಕ್ಕಳೂ ನೀರು ಕುಡಿಯಬೇಕು. ಇಷ್ಟನ್ನು ನೆನೆದು ನಡೆಯೋಣವೆಂದು ಬಿನ್ನವಿಸಿ ವಿರಮಿಸುತ್ತೇನೆ.