ಬೆಕ್ಕಿನ ಮರಿಯ ಭಾರ

ಕಳೆದ ಆಷಾಢದ ಒಂದು ಬೆಳಿಗ್ಗೆ, ನಾನು ಪಾಠ ಹೇಳುವ ಪ್ರೌಢಶಾಲೆಯ ಗೇಟಿನ ಮುಂದೆ ಮಳೆಯಲ್ಲಿ ತೊಯ್ದ ಗೋಣಿಚೀಲವೊಂದು ಬಿದ್ದಿತ್ತು. ಬಾಯಿ ಬಿಚ್ಚಿ ನೋಡಿದರೆ ಒಳಗೆ ನಾಲ್ಕು ಬೆಕ್ಕಿನ ಮರಿಗಳು, ಎರಡರಲ್ಲಿ ಜೀವವಿರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ, "ಸಾರ್, ಇವನ್ನು ಬಿಟ್ಟುಹೋದವರು ಬೆಕ್ಕು ಸಾಕಿದವರೇ ಅಲ್ಲವೇ?" ಎಂದ. ನನಗೆ ಕೂಡಲೇ ಉತ್ತರ ತೋಚಲಿಲ್ಲ. ಈ ಹೊತ್ತು ನಿಮ್ಮೊಡನೆ ಆಡುವ ನಾಲ್ಕು ಮಾತು ಆ ಪ್ರಶ್ನೆಯನ್ನು ಕುರಿತದ್ದೇ.

ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟ ಹೊರತು ಪಾಪ ಕಳೆಯದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಭಯ ಇನ್ನೂ ಉಳಿದಿದೆ. ಆದುದರಿಂದಲೇ ಮರಿಗಳನ್ನು ಕೊಲ್ಲದೆ, ಚೀಲಕ್ಕೆ ತುಂಬಿ ದೂರ ಬಿಟ್ಟು ಬರುತ್ತಾರೆ. ಆಮೇಲೆ ಕೊಂದದ್ದು ಮಳೆ, ನಾಯಿ, ಹಸಿವು, ನಾವಲ್ಲ! ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಕಂಡು ನಗುವ ನಾವು, ಇಲ್ಲಿ ಅದಕ್ಕಿಂತ ಬಿಗಿಯಾಗಿ ಕಣ್ಣು ಮುಚ್ಚುತ್ತೇವೆ.

ಬೆಕ್ಕಿನೊಡನೆ ಮನುಷ್ಯನ ನಂಟು ಬಲು ಹಳೆಯದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಮನುಷ್ಯನ ಸಮಾಧಿಯ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ಸಿಕ್ಕಿತೆಂದು 2004ರಲ್ಲಿ ವಿದ್ವಾಂಸರು ಪ್ರಕಟಿಸಿದರು. ತಳಿಗಳ ಹೆಮ್ಮೆಯಾದರೋ ತೀರ ಈಚಿನದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ನಡೆದದ್ದು 1871ರಲ್ಲಿ. ಹಣ ಕೊಟ್ಟು ತಂದ ಪರ್ಷಿಯನ್ ಬೆಕ್ಕಿಗೆ ನಾವು ಬಾಚಣಿಗೆ ಹಿಡಿಯುತ್ತೇವೆ. ತಾನಾಗಿ ಬಂದ ಊರಬೆಕ್ಕಿಗೆ ಬೀದಿಯೇ ಗತಿ. ಒಲೆಯ ಮಗ್ಗುಲಲ್ಲಿ ಮಲಗಿದರೆ ಅದು ನಮ್ಮದು, ಮರಿ ಹಾಕಿದರೆ ಊರಿನದು.

ಅದು ಬೀದಿ ಸುತ್ತುವುದಕ್ಕೆ ನಾವೂ ಒಂದಿಷ್ಟು ಕಾರಣ. ಮೊಸರನ್ನ ಹಾಕಿ ಧರ್ಮ ಮುಗಿಯಿತೆನ್ನುತ್ತೇವೆ. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪದಾರ್ಥ ಆಹಾರದಲ್ಲಿ ಸಾಲದಿದ್ದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಅದು ಅನ್ನದಲ್ಲಿಲ್ಲ, ಮಾಂಸ ಮೀನುಗಳಲ್ಲಿದೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲೂ ಅರಗದು. ಹೀಗಿರುವಾಗ ರಾತ್ರಿ ಅದು ಇಲಿಯನ್ನೋ ಗುಬ್ಬಿಯನ್ನೋ ಹುಡುಕಿ ಹೊರಟರೆ ತಪ್ಪೇನು? ಅಲೆಯುವ ಬೆಕ್ಕಿಗೆ ವಾಹನದ ಭಯ. ಹುಚ್ಚುನಾಯಿ ಕಚ್ಚಿದರೆ ರೇಬೀಸ್ ಅದಕ್ಕೂ ಬರುತ್ತದೆ, ಅದರಿಂದ ನಮಗೂ ತಗಲುತ್ತದೆ. ತಕ್ಕ ಆಹಾರ ಕೊಟ್ಟು, ಲಸಿಕೆ ಹಾಕಿಸಿ, ರಾತ್ರಿಯಾದರೂ ಒಳಗಿಟ್ಟುಕೊಳ್ಳುವುದು ಲೇಸು.

ಇನ್ನು ಮರಿಗಳ ಲೆಕ್ಕ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು. ಗರ್ಭ ಸುಮಾರು ಒಂಬತ್ತು ವಾರ. ಸೂಲಿಗೆ ಮೂರು ನಾಲ್ಕು ಮರಿ. ವರ್ಷಕ್ಕೆ ಎರಡು ಮೂರು ಸೂಲು. ಅಷ್ಟು ಮರಿಗಳಿಗೆ ಮನೆ ಹುಡುಕುವವರಾರು? ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೊಂದೇ ನೆಟ್ಟನೆಯ ದಾರಿ. ಗಂಡಿಗೂ ಮಾಡಿಸಬಹುದು. ಬೀದಿಯ ಬೆಕ್ಕುಗಳನ್ನೂ ಹಿಡಿದು ಚಿಕಿತ್ಸೆ ಮಾಡಿ, ಗುರುತಿಗಾಗಿ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡುವ ಪದ್ಧತಿಯುಂಟು. ಅಂಥ ಕಿವಿ ಕಂಡರೆ ಯಾರೋ ಪುಣ್ಯಾತ್ಮರು ಕೆಲಸ ಮಾಡಿದ್ದಾರೆಂದು ತಿಳಿಯಿರಿ.

"ತಾಯ್ತನ ತಪ್ಪಿಸುವುದು ಪಾಪವಲ್ಲವೇನೋ?" ಎಂದು ನಮ್ಮ ತಾಯಿ ಕೇಳಿದರು. ನಾನು ಆ ಗೋಣಿಚೀಲದ ಸಂಗತಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮಾಡಿಸು" ಎಂದರು.

ಶ್ರೀವೈಷ್ಣವರಲ್ಲಿ ಮರ್ಕಟನ್ಯಾಯ, ಮಾರ್ಜಾಲನ್ಯಾಯ ಎಂದು ಎರಡು ಮಾತುಂಟು. ಕೋತಿಯ ಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯುತ್ತದೆ. ಬೆಕ್ಕಿನ ಮರಿ ಏನನ್ನೂ ಹಿಡಿಯುವುದಿಲ್ಲ. ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಭಾರವೆಲ್ಲ ಎತ್ತಿಕೊಂಡವರದು. ತಾಯಿಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸಿದರೂ ಸಾಮಾನ್ಯವಾಗಿ ಒಂದನ್ನೂ ಬೇಕೆಂದು ಬಿಟ್ಟುಬರುವುದಿಲ್ಲ. ಆ ಹುಡುಗನಿಗೆ ನನ್ನ ಉತ್ತರ ಇದೇ: ಮಗು, ಅನ್ನ ಹಾಕಿದ ಮಾತ್ರಕ್ಕೆ ಅವರು ಸಾಕಿದವರಲ್ಲ.

ಉಳಿದ ಎರಡು ಮರಿಗಳಲ್ಲಿ ಒಂದು ಆ ಹುಡುಗನ ಮನೆಯಲ್ಲಿದೆ. ಇನ್ನೊಂದು, ನಾನು ಇದನ್ನು ಬರೆಯುವಾಗ, ಕಾಗದದ ಮೇಲೆಯೇ ಮಲಗಿತ್ತು.