ವಿದ್ಯುತ್ ಹ್ಯಾಂಡ್‌ಬ್ರೇಕ್ ಇರುವ ಕಾರಿನ ಹಿಂದಿನ ಬ್ರೇಕು



ಸಾಲೋಟಗಿ ಎಂಬ ಊರಿನ ಹೆಸರನ್ನು ನಿಮ್ಮಲ್ಲಿ ಕೆಲವರು ಇತಿಹಾಸದ ಪಾಠದಲ್ಲಿ ಓದಿರಬಹುದು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಈ ಊರಿನಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಕಂಬದ ಶಾಸನವೊಂದು ದೊರೆತಿದೆ. ಅವನ ಮಂತ್ರಿ ನಾರಾಯಣನು ಇಲ್ಲಿ ಕಟ್ಟಿಸಿದ ವಿದ್ಯಾಶಾಲೆಯನ್ನೂ, ವಿದ್ಯಾರ್ಥಿಗಳ ವಸತಿಗೆಂದು ಇದ್ದ 27 ಮನೆಗಳನ್ನೂ ಅದು ತಿಳಿಸುತ್ತದೆ. ಅದೇ ಊರಿನಲ್ಲಿ, ನಮ್ಮ ಅಕ್ಕನ ಮನೆಯ ಅಂಗಳದಲ್ಲಿ, ನಾನೂ ಈಚೆಗೆ ಒಂದು ಪಾಠ ಕಲಿತೆ. ಕಲಿಸಿದ್ದು ಮಾತ್ರ ಕಾರಿನ ಹಿಂದಿನ ಚಕ್ರದ ಬ್ರೇಕು. ಆ ಪಾಠವನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲು ಬ್ರೇಕು ಮಾಡುವ ಕೆಲಸವೇನೆಂಬುದನ್ನು ನೋಡೋಣ. 1200 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಅದರ ಚಲನಶಕ್ತಿ ಸುಮಾರು 1 ಲಕ್ಷ 67 ಸಾವಿರ ಜೂಲ್. ಅರ್ಧ ಲೀಟರ್ ತಣ್ಣೀರನ್ನು ಕುದಿಸಲು ಹೆಚ್ಚುಕಡಿಮೆ ಇಷ್ಟೇ ಶಕ್ತಿ ಬೇಕು. ಕಾರು ನಿಲ್ಲಬೇಕಾದರೆ ಈ ಶಕ್ತಿ ಎಲ್ಲಿಗಾದರೂ ಹೋಗಬೇಕಲ್ಲವೇ? ಚಕ್ರದೊಂದಿಗೆ ತಿರುಗುವ ಕಬ್ಬಿಣದ ಡಿಸ್ಕನ್ನು ಎರಡು ಬ್ರೇಕ್ ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ಘರ್ಷಣೆಯಿಂದ ಚಲನಶಕ್ತಿ ಉಷ್ಣವಾಗಿ ಗಾಳಿಗೆ ಸೇರುತ್ತದೆ. ಪ್ರತಿ ಸಲವೂ ಪ್ಯಾಡು ಒಂದಿಷ್ಟು ಸವೆಯುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ಮರೆಯಬೇಡಿ.

ಪಾದದ ಒತ್ತಡ ಚಕ್ರದವರೆಗೆ ಹೋಗುವುದು ಬ್ರೇಕ್ ಆಯಿಲ್ ಮೂಲಕ. 17ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲನ ನಿಯಮ ನಿಮಗೆ ಗೊತ್ತಿದೆ: ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಪೆಡಲಿನ ಕಡೆಯ ಪಿಸ್ಟನ್ನಿನ ವಿಸ್ತೀರ್ಣ 4 ಚದರ ಸೆಂಟಿಮೀಟರ್, ಚಕ್ರದ ಕಡೆಯದು 12 ಎಂದಿಟ್ಟುಕೊಳ್ಳಿ. ಅಲ್ಲಿ ಬಲ ಮೂರು ಪಟ್ಟಾಗುತ್ತದೆ. ಈ ಪಿಸ್ಟನ್ ಇರುವ, ಪ್ಯಾಡುಗಳನ್ನು ಹಿಡಿದುಕೊಂಡಿರುವ ಭಾಗಕ್ಕೆ ಕ್ಯಾಲಿಪರ್ ಎಂದು ಹೆಸರು. ಪ್ಯಾಡು ಸವೆದಂತೆಲ್ಲ ಪಿಸ್ಟನ್ ಸ್ವಲ್ಪಸ್ವಲ್ಪವೇ ಹೊರಗೆ ಬರುತ್ತಾ ಹೋಗುತ್ತದೆ. ಆದ್ದರಿಂದ ದಪ್ಪನೆಯ ಹೊಸ ಪ್ಯಾಡು ಕೂರಿಸಬೇಕಾದರೆ ಪಿಸ್ಟನ್ನನ್ನು ಮತ್ತೆ ಒಳಕ್ಕೆ ತಳ್ಳಬೇಕು. ನಾನು ಎಡವಿದ್ದು ಇಲ್ಲಿಯೇ.

ಇನ್ನು ಹ್ಯಾಂಡ್‌ಬ್ರೇಕಿನ ವಿಷಯ. ಹಳೆಯ ಕಾರುಗಳಲ್ಲಿ ಸೀಟಿನ ಪಕ್ಕದ ಹಿಡಿಕೆಯನ್ನು ಎಳೆದರೆ ತಂತಿಯೊಂದು ಹಿಂದಿನ ಬ್ರೇಕನ್ನು ಬಿಗಿಯುತ್ತದೆ. ಈಗಿನ ಕೆಲವು ಕಾರುಗಳಲ್ಲಿ ಹಿಡಿಕೆಯೂ ಇಲ್ಲ, ತಂತಿಯೂ ಇಲ್ಲ; ಒಂದು ಸಣ್ಣ ಗುಂಡಿ ಮಾತ್ರ. ನಮ್ಮ ದೇಶದಲ್ಲಿ 2017ರಲ್ಲಿ ಬಂದ ಜೀಪ್ ಕಂಪಾಸ್, 2020ರ ಹುಂಡೈ ಕ್ರೆಟಾ, 2021ರ ಮಹೀಂದ್ರಾ ಎಕ್ಸ್‌ಯುವಿ 700 ಮುಂತಾದವುಗಳ ಕೆಲವು ಮಾದರಿಗಳಲ್ಲಿ ಈ ವ್ಯವಸ್ಥೆಯನ್ನು ಕಾಣಬಹುದು. ಗುಂಡಿ ಎಳೆದಾಗ ಹಿಂದಿನ ಕ್ಯಾಲಿಪರ್ ಮೇಲಿರುವ ಪುಟ್ಟ ಮೋಟಾರು ಗಿಯರುಗಳ ಮೂಲಕ ಒಂದು ತಿರುಪನ್ನು ತಿರುಗಿಸುತ್ತದೆ. ಆ ತಿರುಪಿನ ಮೇಲಿನ ನಟ್ಟು ಮುಂದೆ ಸರಿದು ಪಿಸ್ಟನ್ನನ್ನು ಒಳಗಿನಿಂದ ನೂಕುತ್ತದೆ.

ಮೋಟಾರು ನಿಂತ ಮೇಲೆ ನಟ್ಟು ಹಿಂದೆ ಜಾರುವುದಿಲ್ಲವೇ? ಇಲ್ಲ. ಲಾರಿಗೆ ಕೊಡುವ ತಿರುಪಿನ ಜ್ಯಾಕನ್ನು ನೀವು ನೋಡಿದ್ದೀರಿ. ಹಿಡಿಕೆ ತಿರುಗಿಸಿದರೆ ಲಾರಿ ಮೇಲೇಳುತ್ತದೆ. ಆದರೆ ಲಾರಿಯ ಭಾರ ಎಷ್ಟೇ ಒತ್ತಿದರೂ ಹಿಡಿಕೆ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ತಿರುಪಿನ ಇಳಿಜಾರು ಕಡಿಮೆ, ಘರ್ಷಣೆ ಹೆಚ್ಚು. ಅದೇ ಗುಣದಿಂದ ವಿದ್ಯುತ್ ಹ್ಯಾಂಡ್‌ಬ್ರೇಕು ಬ್ಯಾಟರಿಯ ಹಂಗಿಲ್ಲದೆ ಇಡೀ ರಾತ್ರಿ ಕಾರನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುತ್ತದೆ.

ಈಗ ಸಾಲೋಟಗಿಯ ಅಂಗಳಕ್ಕೆ ಬರೋಣ. ಅಕ್ಕನ ಮಗ ಇಂಡಿಯ ಕಾಲೇಜಿನಲ್ಲಿ ಓದುತ್ತಾನೆ. ಅವರ ಮನೆಯ ಕಾರಿನ ಹಿಂದಿನ ಪ್ಯಾಡುಗಳು ಸವೆದು ಕಿರ್ರೆಂದು ಸದ್ದು ಮಾಡುತ್ತಿದ್ದವು. ಹಳೆಯ ಕಾರುಗಳ ಪ್ಯಾಡುಗಳನ್ನು ನಾನು ಎಷ್ಟೋ ಸಲ ಬದಲಿಸಿದವನು. "ಇದಕ್ಕ ಗ್ಯಾರೇಜ್ ಯಾಕ? ಮನ್ಯಾಗ ಮಾಡೂಣು ಬಾ" ಎಂದೆ. ಹ್ಯಾಂಡ್‌ಬ್ರೇಕ್ ಬಿಟ್ಟೆವು, ಚಕ್ರ ಬಿಚ್ಚಿದೆವು, ಪಿಸ್ಟನ್ನಿಗೆ ಸಿ-ಕ್ಲ್ಯಾಂಪ್ ಹಚ್ಚಿ ತಿರುಗಿಸಿದೆವು. ಸ್ವಲ್ಪ ಒಳಗೆ ಹೋಗಿ ನಿಂತುಬಿಟ್ಟಿತು.

"ಮಾಮಾ, ಇದು ಯಾಕ ಒಳಗ ಹೋಗವಲ್ದು? ಒಂದ್ಸಲ ಬುಕ್ ನೋಡೂಣೇನು?" ಎಂದ ಹುಡುಗ. ಕಾರಿನೊಂದಿಗೆ ಬಂದ ಕೈಪಿಡಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಹಾಗೆಯೇ ಇತ್ತು. "ಬುಕ್ಕಿನ್ಯಾಗ ಏನೈತಿ, ತುಕ್ಕು ಹಿಡದಿರಬೇಕು" ಎಂದು ನಾನು ಕ್ಲ್ಯಾಂಪಿಗೆ ಉದ್ದನೆಯ ಪೈಪು ಸಿಕ್ಕಿಸಿ ಬಲವಾಗಿ ತಿರುಗಿಸಿದೆ. 'ಟಕ್' ಎಂದು ಸದ್ದಾಯಿತು. ಒಳಗಿನ ಗಿಯರು ಮುರಿದಿತ್ತು.

ತಪ್ಪು ಎಲ್ಲಿ? ಹ್ಯಾಂಡ್‌ಬ್ರೇಕ್ ಬಿಟ್ಟಾಗ ಮೋಟಾರು ನಟ್ಟನ್ನು ಪೂರ್ತಿ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಪ್ಯಾಡು ಸಡಿಲವಾಗುವಷ್ಟು, ಅಂದರೆ ಕೂದಲೆಳೆಯಷ್ಟು ಮಾತ್ರ ಹಿಂದೆ ಸರಿಸುತ್ತದೆ. ಪ್ಯಾಡು ಸವೆದಿದ್ದರೆ ನಟ್ಟು ಮುಂದೆಯೇ ನಿಂತಿರುತ್ತದೆ. ನಾನು ಒತ್ತಿದ್ದು ಪಿಸ್ಟನ್ನನ್ನಲ್ಲ, ಅದರ ಹಿಂದಿದ್ದ ಆ ನಟ್ಟನ್ನು. ಹಿಂದೆ ಸರಿಯಲಾಗದಂತೆಯೇ ಮಾಡಿರುವ ತಿರುಪಿನೊಂದಿಗೆ ನಾನು ಗುದ್ದಾಡುತ್ತಿದ್ದೆ! ನಟ್ಟನ್ನು ಪೂರ್ತಿ ಹಿಂದಕ್ಕೆ ತರಬೇಕಾದರೆ ಕಾರನ್ನು 'ದುರಸ್ತಿ ಸ್ಥಿತಿ'ಗೆ ತರಬೇಕು. ಕೆಲವು ಕಾರುಗಳಲ್ಲಿ ಪೆಡಲು ಮತ್ತು ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿ ಇದನ್ನು ಮಾಡಬಹುದು. ಇನ್ನು ಕೆಲವಕ್ಕೆ ಗ್ಯಾರೇಜಿನವರ ಬಳಿ ಇರುವ ಸ್ಕ್ಯಾನರ್ ಬೇಕು. ಆ ಕಾರಿಗೆ ಸ್ಕ್ಯಾನರ್ ಬೇಕಾಗಿತ್ತು.

ಇಂಡಿಯಿಂದ ಮೆಕ್ಯಾನಿಕ್ ಒಬ್ಬರು ಬಂದರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಮುರಿದ ಭಾಗವನ್ನು ಕಂಡು, "ಸರ, ಇದು ಜೋರ ಮಾಡಿದ್ರ ಬಗ್ಗೂದಲ್ಲ" ಎಂದಷ್ಟೇ ಹೇಳಿದರು. ಪ್ಯಾಡಿನ ಬೆಲೆಗಿಂತ ಹಲವು ಪಟ್ಟು ಹಣ ಕೊಟ್ಟು ಹೊಸ ಭಾಗ ತರಿಸಬೇಕಾಯಿತು. ಅವರು ಸ್ಕ್ಯಾನರ್ ಜೋಡಿಸಿದಾಗ ಮೋಟಾರು ಗುಂಯ್ ಎಂದಿತು. ಆಮೇಲೆ ಪಿಸ್ಟನ್ ಹಗುರವಾಗಿ ಒಳಗೆ ಹೋಯಿತು.

ಕೆಲಸ ಮುಗಿಯಿತೆಂದು ಹುಡುಗ ಉತ್ಸಾಹದಿಂದ ಒಳಗೆ ಕುಳಿತು ಎಂಜಿನ್ ಚಾಲೂ ಮಾಡಲು ಹೋದ. ಮೆಕ್ಯಾನಿಕ್ ಕೈ ಅಡ್ಡ ಹಿಡಿದರು: "ತಡಿ ತಮ್ಮಾ, ಮೊದಲ ಬ್ರೇಕ್ ಪೆಡಲ್ ಒತ್ತು." ಒತ್ತಿದ. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಎರಡನೆಯ ಸಲವೂ ಅಷ್ಟೆ. ನಾಲ್ಕೈದು ಸಲ ಒತ್ತಿದ ಮೇಲೆ ಗಟ್ಟಿಯಾಯಿತು. ಪಿಸ್ಟನ್ನುಗಳನ್ನು ಒಳಕ್ಕೆ ತಳ್ಳಿದ್ದರಿಂದ ಪ್ಯಾಡಿಗೂ ಪಿಸ್ಟನ್ನಿಗೂ ನಡುವೆ ಅಂತರ ಉಳಿದಿತ್ತು. ಮೊದಲ ಒತ್ತುಗಳೆಲ್ಲ ಆ ಅಂತರ ತುಂಬುವುದಕ್ಕೇ ಹೋದವು. ಕಾರಿನ ಎದುರಿಗೆ ಕಣಕಿ ಬಣವಿ. ಅದರ ನೆರಳಿನಲ್ಲಿ ಓಣಿಯ ಎರಡು ಮಕ್ಕಳು ಆಡುತ್ತಿದ್ದವು. ನನ್ನ ಅಂಗೈ ಬೆವರಿತು. ಗಿಯರಿಗೆ ಹಣ ತೆತ್ತರಾಯಿತು; ಇದಕ್ಕೆ ಏನು ತೆರಬಹುದಿತ್ತು?

ಆದ್ದರಿಂದ ಈ ಕೆಲಸದ ಕ್ರಮವನ್ನು ತಿಳಿದುಕೊಳ್ಳೋಣ. ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು. ಹ್ಯಾಂಡ್‌ಬ್ರೇಕ್ ಬಿಟ್ಟು ಹಿಂದಿನ ಚಕ್ರ ಎತ್ತುವುದರಿಂದ, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಲ್ಲು ಕೊಡಲೇಬೇಕು. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ನಂತರ ಎತ್ತಬೇಕು. ಎತ್ತಿದ ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜ್ಯಾಕನ್ನು ಎಂದೂ ನಂಬಬಾರದು. ದುರಸ್ತಿ ಸ್ಥಿತಿಗೆ ತಂದ ಮೇಲೆ ಯಾರೂ ಆ ಗುಂಡಿಯನ್ನಾಗಲಿ ಬ್ರೇಕ್ ಪೆಡಲನ್ನಾಗಲಿ ಮುಟ್ಟಕೂಡದು. ಬೆರಳು ಒಳಗಿರುವಾಗ ಮೋಟಾರು ತಿರುಗಿದರೆ ಗಾಯ ಸಣ್ಣದಾಗಿರುವುದಿಲ್ಲ. ಬಿಚ್ಚಿದ ಕ್ಯಾಲಿಪರನ್ನು ಅದರ ಆಯಿಲ್ ಪೈಪಿನಿಂದ ಜೋತುಬಿಡದೆ ತಂತಿಯಿಂದ ಕಟ್ಟಬೇಕು. ಬ್ರೇಕಿನ ಧೂಳನ್ನು ಊದಬಾರದು. ಅದು ಶ್ವಾಸಕೋಶಕ್ಕೆ ಹಾನಿ. ಪಿಸ್ಟನ್ ಒಳಗೆ ಹೋದಂತೆ ಆಯಿಲ್ ಡಬ್ಬಿಯ ಮಟ್ಟ ಏರುತ್ತದೆ, ಉಕ್ಕದಂತೆ ನೋಡಬೇಕು. ಪ್ಯಾಡಿನ ಮುಖಕ್ಕೆ ಗ್ರೀಸು ತಗಲಕೂಡದು. ಎರಡೂ ಚಕ್ರಗಳ ಪ್ಯಾಡುಗಳನ್ನು ಒಟ್ಟಿಗೇ ಬದಲಿಸಬೇಕು; ಇಲ್ಲವಾದರೆ ಕಾರು ಒಂದು ಕಡೆಗೆ ಎಳೆಯಬಹುದು. ಕೊನೆಗೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ದುರಸ್ತಿ ಸ್ಥಿತಿಯಿಂದ ಹೊರಬಂದು, ಹ್ಯಾಂಡ್‌ಬ್ರೇಕನ್ನು ಹಾಕಿ ಬಿಟ್ಟು ನೋಡಿ, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಬೇಕು.

ಮಿತ್ರರೇ, ಇದನ್ನು ಕೇಳಿ ನೀವು ನಾಳೆಯೇ ಮನೆಯ ಕಾರಿನ ಚಕ್ರ ಬಿಚ್ಚಿರಿ ಎಂದು ನಾನು ಹೇಳುತ್ತಿಲ್ಲ. ಬಲ್ಲವರು ಜೊತೆಗಿಲ್ಲದೆ ಬ್ರೇಕಿಗೆ ಕೈ ಹಚ್ಚಲೇಬೇಡಿ. ಆದರೆ ಒಂದು ಪ್ರಯೋಗ ಮಾಡಬಹುದು. ಸೂಜಿಯಿಲ್ಲದ ಒಂದು ಚಿಕ್ಕ, ಒಂದು ದೊಡ್ಡ ಸಿರಿಂಜ್ ತೆಗೆದುಕೊಂಡು ನೀರು ತುಂಬಿದ ಸಣ್ಣ ನಳಿಕೆಯಿಂದ ಜೋಡಿಸಿ. ಚಿಕ್ಕದನ್ನು ಒತ್ತಿ, ದೊಡ್ಡದರಲ್ಲಿ ಬಲ ಎಷ್ಟು ಹೆಚ್ಚುತ್ತದೆ, ದೂರ ಎಷ್ಟು ಕಡಿಮೆಯಾಗುತ್ತದೆ ನೋಡಿ. ಬಳಿಕ ನಳಿಕೆಯೊಳಗೆ ಒಂದು ಗಾಳಿಗುಳ್ಳೆ ಬಿಟ್ಟು ಮತ್ತೆ ಒತ್ತಿ. ಬ್ರೇಕ್ ಆಯಿಲಿನಲ್ಲಿ ಗಾಳಿ ಸೇರಿದರೆ ಪೆಡಲ್ ಏಕೆ ಮೆತ್ತಗಾಗುತ್ತದೆ ಎಂಬುದು ನಿಮ್ಮ ಬೆರಳಿಗೇ ತಿಳಿಯುತ್ತದೆ.

ಯಂತ್ರವೊಂದು ಒಂದು ಹಂತದಲ್ಲಿ ಬಗ್ಗದೆ ನಿಂತರೆ, ಅದು ಏಕೆ ನಿಂತಿತು ಎಂದು ಮೊದಲು ಕೇಳಬೇಕು. ಉದ್ದನೆಯ ಪೈಪು ಹುಡುಕುವುದು ಆಮೇಲಿನ ಮಾತು. ಆ ದಿನ ಆ ಪ್ರಶ್ನೆ ಕೇಳಿದವನು ನಮ್ಮ ಅಕ್ಕನ ಮಗ. ಕೇಳಿಸಿಕೊಳ್ಳದವನು ನಾನು. ಆ ಕೈಪಿಡಿಯ ಪ್ಲಾಸ್ಟಿಕ್ ಚೀಲವನ್ನು ಅಂದು ಸಂಜೆ ಇಬ್ಬರೂ ಕೂಡಿ ಬಿಚ್ಚಿದೆವು.